ಕೂಲಿಯ ಕಾಲಂ ಇಲ್ಲದ ಲೆಕ್ಕಪುಸ್ತಕ

ಜಮೈಕಾ ದ್ವೀಪದ ಪಡುವಣ ಅಂಚಿನಲ್ಲಿ ವೆಸ್ಟ್‌ಮೋರ್‌ಲ್ಯಾಂಡ್ ಎಂಬ ಸೀಮೆ. ಅಲ್ಲಿ ಮೆಸೊಪೊಟೇಮಿಯ ಎಂಬ ಕಬ್ಬಿನ ಎಸ್ಟೇಟು. ಅದರ ಒಡೆಯರಾದ ಬಾರ್‌ಹಮ್ ಮನೆತನದವರು ಇರುತ್ತಿದ್ದದ್ದು ಇಂಗ್ಲೆಂಡಿನಲ್ಲಿ. ವರ್ಷಕ್ಕೊಮ್ಮೆ ಎಸ್ಟೇಟಿನಿಂದ ಅವರಿಗೊಂದು ಪಟ್ಟಿ ಹಡಗು ಹತ್ತುತ್ತಿತ್ತು. ಗಂಡಾಳುಗಳ ಹೆಸರು ಒಂದು ಕಡೆ, ಹೆಣ್ಣಾಳುಗಳದು ಇನ್ನೊಂದು ಕಡೆ. ಹೆಸರಿನ ಮುಂದೆ ವಯಸ್ಸು, ಮಾಡುವ ಕೆಲಸ, ಮೈ ಹೇಗಿದೆ ಎಂಬ ಒಂದೆರಡು ಮಾತು: ಗಟ್ಟಿ, ನಿಶ್ಶಕ್ತಿ, ಕೈಲಾಗದವಳು. ಆಳುಗಳ ಲೆಕ್ಕ ಮುಗಿದ ಮೇಲೆ ರಾಸುಗಳದು.

1762ರಿಂದ 1833ರವರೆಗಿನ ಇಂಥ ಪಟ್ಟಿಗಳು ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿವೆ. ಅಮೆರಿಕದ ಇತಿಹಾಸಕಾರ ರಿಚರ್ಡ್ ಡನ್ ಅವನ್ನು ಒಂದರ ಪಕ್ಕ ಒಂದಿಟ್ಟುಕೊಂಡು, ಈ ವರ್ಷದ ಹೆಸರಿಗೆ ಹೋದ ವರ್ಷದ ಹೆಸರನ್ನು ಹೊಂದಿಸುತ್ತ, ಸುಮಾರು ನಲವತ್ತು ವರ್ಷ ಕೂತರು. 1,103 ಜನರ ಬದುಕಿನ ಎಳೆ ಸಿಕ್ಕಿತು. 2014ರಲ್ಲಿ ಪುಸ್ತಕವಾಯಿತು. ಅದರಲ್ಲಿ ಎದ್ದು ಕಾಣುವ ಲೆಕ್ಕ ಒಂದೇ. ಆ ಎಪ್ಪತ್ತು ವರ್ಷಗಳಲ್ಲಿ ಎಸ್ಟೇಟಿನಲ್ಲಿ ಹುಟ್ಟಿದವರಿಗಿಂತ ಸತ್ತವರು ಹತ್ತಿರ ಹತ್ತಿರ ಎರಡು ಪಟ್ಟು. ಕಡಿಮೆಬಿದ್ದ ತಲೆಗಳನ್ನು ಮತ್ತೆ ಮತ್ತೆ ಕೊಂಡು ತುಂಬಿಸಿದರು.

ಕಾಮರ್ಸ್ ಪಾಠ ಹೇಳಿ ನಿವೃತ್ತನಾದ ನನಗೆ ಈ ಪಟ್ಟಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಕ್ರೌರ್ಯವಲ್ಲ ಅಂದರೆ ಓದುಗರು ಬೇಸರಪಡಬಾರದು. ಮೊದಲು ಕಾಣುವುದು ಅದರ ಜಾಗ. ಲೆಕ್ಕಶಾಸ್ತ್ರದ ಮೊದಲ ವಾರ ನಾವು ಹುಡುಗರಿಗೆ ಹೇಳಿಕೊಡುವ ಪಾಠ ಇದು: ಆಳಿಗೆ ಕೊಟ್ಟ ಕೂಲಿ ಖರ್ಚಿನ ಕಡೆ, ಕೊಂಡ ಯಂತ್ರ ಆಸ್ತಿಯ ಕಡೆ. ಕೂಲಿ ಈ ವರ್ಷಕ್ಕೇ ಕರಗಿಹೋಗುತ್ತದೆ. ಯಂತ್ರ ಪುಸ್ತಕದಲ್ಲಿ ಉಳಿದು ವರ್ಷ ವರ್ಷ ಸವಕಳಿಯಾಗುತ್ತದೆ. ಕೆರಿಬಿಯನ್ ಸಕ್ಕರೆ ಎಸ್ಟೇಟಿನ ಪುಸ್ತಕ ತೆರೆದರೆ ಖರ್ಚಿನ ಕಡೆ ಬಟ್ಟೆ, ಉಪ್ಪು ಮೀನು, ಗುದ್ದಲಿ, ಪೀಪಾಯಿಯ ಹಲಗೆ, ಬಿಳಿಯ ನೌಕರರ ಸಂಬಳ ಎಲ್ಲ ಇದೆ. ಗದ್ದೆಯಲ್ಲಿ ದುಡಿದವರ ಕೂಲಿಗೆ ಕಾಲಮ್ಮೇ ಇಲ್ಲ. ಅವರು ಆಸ್ತಿಯ ಕಡೆ ಕೂತಿದ್ದಾರೆ. ಆ ಒಂದು ಜಾಗದಿಂದ ಮಿಕ್ಕಿದ್ದೆಲ್ಲ ತಾನಾಗಿಯೇ ಹುಟ್ಟುತ್ತದೆ. ಸಾವು ಎಂದರೆ ಆಸ್ತಿ ನಷ್ಟ. ಹೆರಿಗೆ ಎಂದರೆ ಆಸ್ತಿಗೆ ಸೇರ್ಪಡೆ. ಮುಪ್ಪು ಎಂದರೆ ಸವಕಳಿ.

ಇಷ್ಟೆಲ್ಲ ಬರೆಯುವ ತಾಪತ್ರಯ ಯಾಕೆ ಬಂತು ಎಂದು ಕೇಳಬಹುದು. ಒಡೆಯ ಊರಲ್ಲಿಲ್ಲ ಎಂಬುದೇ ಮುಖ್ಯ ಕಾರಣ. ಹದಿನೆಂಟನೆಯ ಶತಮಾನದಲ್ಲಿ ಜಮೈಕಾದ ದೊಡ್ಡ ಎಸ್ಟೇಟುಗಳ ಒಡೆಯರು ಬಹಳ ಮಂದಿ ಬ್ರಿಟನ್ನಿನಲ್ಲಿ ನೆಲೆಸಿದ್ದರು. ಅವರ ಪರವಾಗಿ ದ್ವೀಪದಲ್ಲಿ ಅಟಾರ್ನಿ ಇರುತ್ತಿದ್ದ. ಇಲ್ಲಿ ಅಟಾರ್ನಿ ಅಂದರೆ ಕೋರ್ಟಿನ ವಕೀಲನಲ್ಲ, ಮುಖ್ತಿಯಾರ. ಅವನ ಕೆಳಗೆ ಎಸ್ಟೇಟಿನಲ್ಲೇ ಇರುವ ಓವರ್‌ಸಿಯರ್, ಅವನ ಕೆಳಗೆ ಬುಕ್‌ಕೀಪರ್‌ಗಳು. ಈ ಬುಕ್‌ಕೀಪರ್ ಎಂಬ ಹುದ್ದೆ ಒಂದು ತಮಾಷೆ. ಹೆಸರಿಗೆ ಲೆಕ್ಕಬರೆಯುವವನು, ಕೆಲಸ ಮಾತ್ರ ಗದ್ದೆಯಲ್ಲಿ ಆಳುಗಳ ಹಿಂದೆ ನಿಲ್ಲುವುದು, ರಾತ್ರಿ ಪಾಳಿಯಲ್ಲಿ ಕೊಪ್ಪರಿಗೆ ಮನೆ ಕಾಯುವುದು, ಉಗ್ರಾಣದ ಬೀಗದಕೈ ಇಟ್ಟುಕೊಳ್ಳುವುದು. ಸ್ಕಾಟ್‌ಲ್ಯಾಂಡಿನ ಬಡಹುಡುಗರು ಈ ಕೆಲಸಕ್ಕೆ ಹೋಗುತ್ತಿದ್ದರು. ಕವಿ ರಾಬರ್ಟ್ ಬರ್ನ್ಸ್ ಕೂಡ 1786ರಲ್ಲಿ ಜಮೈಕಾದಲ್ಲಿ ಬುಕ್‌ಕೀಪರ್ ಆಗಲು ಗಂಟುಮೂಟೆ ಕಟ್ಟಿದ್ದ. ಅದೇ ವರ್ಷ ಅವನ ಮೊದಲ ಕವನಸಂಗ್ರಹ ಗೆದ್ದಿತು, ಪ್ರಯಾಣ ನಿಂತಿತು.

ದೂರದ ಒಡೆಯನಿಗೆ ಮೋಸವಾಗಬಾರದೆಂದು ಕಾನೂನೇ ನಡುವೆ ಬಂತು. ಒಡೆಯ ದ್ವೀಪದಲ್ಲಿಲ್ಲದ ಎಸ್ಟೇಟಿನ ಫಸಲಿನ ಲೆಕ್ಕವನ್ನು ವರ್ಷವರ್ಷವೂ ಪ್ರಮಾಣ ಮಾಡಿ ಸ್ಪ್ಯಾನಿಶ್ ಟೌನಿನ ಸರ್ಕಾರಿ ಕಚೇರಿಗೆ ಸಲ್ಲಿಸಬೇಕು ಎಂದು 1740ರ ಹೊತ್ತಿಗೆ ಜಮೈಕಾದಲ್ಲಿ ಕಟ್ಟಳೆಯಾಯಿತು. ಎಷ್ಟು ಹಾಗ್ಸ್‌ಹೆಡ್ ಸಕ್ಕರೆ, ಎಷ್ಟು ಪೀಪಾಯಿ ರಮ್, ಯಾವ ಹಡಗಿಗೆ, ಲಂಡನ್ನಿನ ಯಾವ ಮಂಡಿಗೆ. ಹಾಗ್ಸ್‌ಹೆಡ್ ಅಂದರೆ ಮುಕ್ಕಾಲು ಟನ್ನಿಗೂ ಹೆಚ್ಚು ಸಕ್ಕರೆ ಹಿಡಿಯುವ ಮರದ ಪೀಪಾಯಿ. ಆ ದಾಖಲೆಗಳ ಸಂಪುಟಗಳು ಈಗಲೂ ಜಮೈಕಾದ ಪತ್ರಾಗಾರದಲ್ಲಿವೆ. ಪುಸ್ತಕದಲ್ಲಿ ಎರಡು ಬಗೆಯ ಪೌಂಡು ಬರುತ್ತದೆ, ಹೊಸಬರು ಎಡವುವುದು ಇಲ್ಲೇ: ದ್ವೀಪದ 140 ಪೌಂಡು ಲಂಡನ್ನಿನ 100ಕ್ಕೆ ಸಮ.

ಮುಖ್ತಿಯಾರನಿಗೆ ಬರುತ್ತಿದ್ದದ್ದು ಸಾಮಾನ್ಯವಾಗಿ ಫಸಲಿನ ಮೇಲೆ ನೂರಕ್ಕೆ 6ರ ಕಮಿಷನ್. ಇದನ್ನು ಸ್ವಲ್ಪ ನಿಂತು ಯೋಚಿಸಬೇಕು. ಪೀಪಾಯಿ ಹೆಚ್ಚಾದಷ್ಟೂ ಅವನ ಜೇಬು ತುಂಬುತ್ತದೆ. ಆಳುಗಳು ಸತ್ತರೆ ಅದು ಒಡೆಯನ ಆಸ್ತಿ ಖಾತೆಯ ನಷ್ಟ, ಕಮಿಷನ್ನಿನಿಂದ ಒಂದು ಕಾಸೂ ಕಳೆಯುವುದಿಲ್ಲ. ಒಡೆಯ ಲಂಡನ್ನಿನಿಂದ ಆಳುಗಳನ್ನು ಜೋಪಾನವಾಗಿ ನೋಡಿಕೊಳ್ಳಿ ಎಂದು ಪತ್ರ ಬರೆದು, ಅದರ ಬೆನ್ನಿಗೇ ಈ ಸಲ ಫಸಲು ಯಾಕೆ ಇಳಿಯಿತು ಎಂದು ಕೇಳಿದರೆ ಇಲ್ಲಿನವನು ಯಾವ ಮಾತಿಗೆ ಕಿವಿಗೊಡುತ್ತಾನೆ?

ಕಬ್ಬಿನ ಕೆಲಸ ನಮ್ಮ ಮಂಡ್ಯ, ಬೆಳಗಾವಿ ಕಡೆಯವರಿಗೆ ವಿವರಿಸಬೇಕಿಲ್ಲ. ನಾಟಿ ಬೆಳೆ, ಕೂಳೆ ಬೆಳೆ, ಕಡಿದ ಜಲ್ಲೆ ಒಣಗುವ ಮೊದಲೇ ಗಾಣಕ್ಕೆ ಬೀಳಬೇಕೆಂಬ ಅವಸರ, ಎಲ್ಲ ಅಲ್ಲಿಯೂ ಹಾಗೇ. ಆಲೆಮನೆ ನೋಡಿದವರಿಗೆ ಸಾಲಾಗಿ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಅವರ ಕೊಪ್ಪರಿಗೆಗಳೂ ಅರ್ಥವಾಗುತ್ತವೆ. ಬೇರೆಯಾದದ್ದು ಪ್ರಮಾಣ, ಮತ್ತೆ ಆಳುಗಳನ್ನು ವಿಂಗಡಿಸಿದ ರೀತಿ. ಮೊದಲ ಗ್ಯಾಂಗು ಗಟ್ಟಿಮುಟ್ಟಾದವರದು. ಗುದ್ದಲಿಯಿಂದ ಚೌಕಾಕಾರದ ಗುಣಿ ತೋಡುವುದು, ತಲೆಮೇಲೆ ಗೊಬ್ಬರದ ಬುಟ್ಟಿ ಹೊರುವುದು, ಕಡಿಯುವುದು ಅವರ ಪಾಲಿಗೆ. ಎರಡನೆಯದು ಎಳೆಯರದು, ಬಾಣಂತನ ಮುಗಿಸಿದವರದು, ಸೋತವರದು. ಮೂರನೆಯದು ಮಕ್ಕಳ ಗ್ಯಾಂಗು. ಐದಾರು ವರ್ಷ ತುಂಬುತ್ತಲೇ ಕಳೆ ಕೀಳಲು, ಹುಲ್ಲು ತರಲು. ಮೆಸೊಪೊಟೇಮಿಯದ ಪಟ್ಟಿಯಲ್ಲಿ ಗದ್ದೆ ಕೆಲಸದವರ ಪೈಕಿ ಹೆಂಗಸರೇ ಹೆಚ್ಚು. ಬಡಗಿ, ಕಮ್ಮಾರ, ಪೀಪಾಯಿ ಕಟ್ಟುವವ, ಸಕ್ಕರೆ ಪಾಕ ಹದ ನೋಡುವವ ಇವೆಲ್ಲ ಗಂಡಸರಿಗೆ ಸಿಗುತ್ತಿದ್ದ ಕೆಲಸ, ಹೆಂಗಸಿಗೆ ಗುದ್ದಲಿಯೇ ಗತಿ.

ಓವರ್‌ಸಿಯರನ ದಿನವಹಿಯಲ್ಲಿ ಇದೆಲ್ಲ ಸಂಖ್ಯೆಯಾಗಿ ಬರುತ್ತದೆ. ಗುಣಿ ತೋಡಲು ಇಷ್ಟು, ಗಾಣಕ್ಕೆ ಇಷ್ಟು, ಕೊಪ್ಪರಿಗೆ ಮನೆಗೆ ಇಷ್ಟು, ರಾಸು ಮೇಯಿಸಲು ಇಷ್ಟು, ‘ಹಾಟ್‌ಹೌಸ್’ನಲ್ಲಿ ಇಷ್ಟು, ಓಡಿಹೋದವರು ಇಷ್ಟು, ಬಸಿರಿಯರು ಇಷ್ಟು. ಹಾಟ್‌ಹೌಸ್ ಎಂದರೆ ಅವರ ಭಾಷೆಯಲ್ಲಿ ಆಳುಗಳ ಆಸ್ಪತ್ರೆ. ಕೂಡಿದಾಗ ಎಸ್ಟೇಟಿನ ಒಟ್ಟು ತಲೆಗೆ ತಾಳೆಯಾಗಬೇಕು. ಹಾಜರಿ ಪುಸ್ತಕದಂತೆ ಕಂಡರೂ ಇದು ಹಾಜರಿ ಪುಸ್ತಕವಲ್ಲ. ಹಾಜರಿ ಹಾಕುವುದು ಕೂಲಿ ಬಟವಾಡೆಗೆ. ಇಲ್ಲಿ ಬಟವಾಡೆಯೇ ಇಲ್ಲ. ಇದು ಉಗ್ರಾಣದ ದಾಸ್ತಾನು ತಪಾಸಣೆ, ಅಷ್ಟೆ.

ದಾಸ್ತಾನು ಎಂಬ ಮಾತು ಅತಿಯಾಯಿತು ಅನ್ನಿಸಿದರೆ ‘ಏರಿಕೆ-ಇಳಿಕೆ’ ಹಾಳೆಯನ್ನು ನೋಡಬೇಕು. ಆಳುಗಳಿಗೂ ರಾಸುಗಳಿಗೂ ಒಂದೇ ನಮೂನೆ. ಹೋದ ಲೆಕ್ಕದ ಕೊನೆಗೆ ಉಳಿದವರು, ಅದಕ್ಕೆ ಹುಟ್ಟಿದವರು, ಕೊಂಡವರು. ಕಳೆ: ಸತ್ತವರು, ಮಾರಿದವರು. ಉಳಿಕೆ. ಆರಂಭದ ಶಿಲ್ಕು, ಜಮಾ, ಖರ್ಚು, ಅಖೈರು ಶಿಲ್ಕು ಎಂದು ನಮ್ಮ ಹಳೆಯ ಗುಮಾಸ್ತರು ಬರೆಯುತ್ತಿದ್ದ ಕ್ರಮವೇ. ಹದಿನೆಂಟನೆಯ ಶತಮಾನದ ಕೊನೆಗೆ ಇಂಥ ಹಾಳೆಗಳು ಗೆರೆ ಎಳೆದು, ತಲೆಬರಹ ಅಚ್ಚಾಗಿಯೇ ಬರತೊಡಗಿದವು. ಓವರ್‌ಸಿಯರ್ ಖಾಲಿ ಜಾಗ ತುಂಬಿದರೆ ಸಾಕು. ಅಚ್ಚಾದ ನಮೂನೆಗೆ ಒಂದು ಗುಣವಿದೆ, ಸರ್ಕಾರಿ ಕಚೇರಿಗೆ ಅರ್ಜಿ ಹಾಕಿದ ಯಾರಿಗೂ ಇದು ಗೊತ್ತು: ಕೇಳದ್ದನ್ನು ಬರೆಯಲು ಅಲ್ಲಿ ಜಾಗವಿರುವುದಿಲ್ಲ. ಹೆಸರಿದೆ, ತಂದೆಯ ಹೆಸರಿಲ್ಲ. ತಾಯಿಯ ಹೆಸರು ಇರುವ ಕಡೆಯೂ ಅದು ಮಗು ಯಾರ ಆಸ್ತಿ ಎಂದು ಗೊತ್ತಾಗಲಿಕ್ಕೆ, ಏಕೆಂದರೆ ಮಗು ತಾಯಿಯ ಒಡೆಯನಿಗೆ ಸೇರಬೇಕೆಂಬುದು ಗುಲಾಮಗಿರಿಯ ಕಾನೂನು. ಎಷ್ಟೋ ಮಕ್ಕಳ ಹೆಸರಿನ ಮುಂದೆ ‘ಮುಲಾಟೊ’ ಎಂದಿದೆ, ಅಂದರೆ ತಂದೆ ಬಿಳಿಯ. ಅವನು ಯಾರೆಂದು ಹಾಳೆ ಕೇಳುವುದಿಲ್ಲ. ಇದೇ ವೆಸ್ಟ್‌ಮೋರ್‌ಲ್ಯಾಂಡಿನಲ್ಲಿ ಓವರ್‌ಸಿಯರ್ ಆಗಿದ್ದ ಥಾಮಸ್ ಥಿಸಲ್‌ವುಡ್ 1750ರಿಂದ 1786ರಲ್ಲಿ ಸಾಯುವವರೆಗೆ ದಿನಚರಿ ಇಟ್ಟ. ಮಳೆ, ಫಸಲು, ಹಂಚಿದ ರೇಷನ್, ಹೊಡೆಸಿದ ಚಾಟಿಯೇಟು ಎಲ್ಲ ಇಂಗ್ಲಿಷಿನಲ್ಲಿ. ಆಳು ಹೆಂಗಸರ ಮೇಲೆ ತಾನು ನಡೆಸಿದ್ದನ್ನು ಮಾತ್ರ ಲ್ಯಾಟಿನ್ನಿನಲ್ಲಿ, ಜಾಗ ಯಾವುದು, ಹೆಸರೇನು ಎಂಬುದರ ಸಮೇತ. ಅದೂ ಒಂದು ಬಗೆಯ ಲೆಕ್ಕವೇ.

ಆರೋಗ್ಯದ ಕಾಲಂ ಇನ್ನೊಂದು. ಕಬ್ಬನ್ನು ಗಾಣದ ಉರುಳೆಗಳ ನಡುವೆ ಕೈಯಿಂದಲೇ ತೂರಿಸಬೇಕಿತ್ತು. ಸುಗ್ಗಿಯ ತಿಂಗಳುಗಳಲ್ಲಿ ಗಾಣ ರಾತ್ರಿಯೂ ನಿಲ್ಲುತ್ತಿರಲಿಲ್ಲ. ತೂಕಡಿಸಿ ಬೆರಳು ಸಿಕ್ಕಿದರೆ ತೋಳೇ ಒಳಗೆ. ಕಡಿದು ಬಿಡಿಸಲು ಪಕ್ಕದಲ್ಲಿ ಕೊಡಲಿ ಇಟ್ಟಿರುತ್ತಿದ್ದರು. ಕೈ ಹೋದವನು ಮುಂದಿನ ಪಟ್ಟಿಯಲ್ಲಿ ‘ಕಾವಲಿನವನು’ ಆಗಿ ಕಾಣಿಸಿಕೊಳ್ಳುತ್ತಾನೆ. ಬೆಲೆ ಇಳಿದಿರುತ್ತದೆ. ತೀರಾ ಮುಪ್ಪಾದವರ ಮುಂದೆ ಬೆಲೆಯ ಕಾಲಮ್ಮಿನಲ್ಲಿ ಸೊನ್ನೆ. ಆರು ಮಕ್ಕಳನ್ನು ಉಳಿಸಿಕೊಂಡ ತಾಯಿಗೆ ಕಠಿಣ ದುಡಿಮೆಯಿಂದ ವಿನಾಯಿತಿ ಎಂದು ಆ ಶತಮಾನದ ಕೊನೆಗೆ ಜಮೈಕಾದಲ್ಲಿ ಕಾನೂನಾಯಿತು. ಕರುಣೆ ಎಂದು ಓದಬೇಡಿ. ಆಫ್ರಿಕಾದಿಂದ ಆಳು ತರುವ ದಾರಿ ಮುಚ್ಚಬಹುದೆಂಬ ಸುಳಿವು ಆಗಲೇ ಇತ್ತು, 1807ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಮುಚ್ಚಿಯೂ ಬಿಟ್ಟಿತು. ಕೊಳ್ಳುವುದು ಅಗ್ಗವೋ, ಹುಟ್ಟಿಸಿ ಬೆಳೆಸುವುದು ಅಗ್ಗವೋ ಎಂದು ಒಡೆಯರು ಬಹುಕಾಲ ತೂಗಿ ನೋಡಿದ್ದ ಲೆಕ್ಕ ಮಗುಚಿಬಿದ್ದಿತ್ತು.

ಇಂಥ ಪುಸ್ತಕ ಬರೆದವರು ಹಿಂದುಳಿದ ಕಾಲದ ಒರಟರು, ಆಧುನಿಕ ವ್ಯವಹಾರ ಬಂದ ಮೇಲೆ ಇದೆಲ್ಲ ಹೋಯಿತು ಎಂಬ ನಂಬಿಕೆ ನನಗೂ ಇತ್ತು. ಕೇಟ್ಲಿನ್ ರೋಸೆಂಥಾಲ್ ಎಂಬ ಇತಿಹಾಸಕಾರ್ತಿ 2018ರ ತಮ್ಮ ಪುಸ್ತಕದಲ್ಲಿ ಅದನ್ನು ಅಲ್ಲಾಡಿಸಿದರು. ಆಕೆ ಮೊದಲು ದೊಡ್ಡ ಕನ್ಸಲ್ಟಿಂಗ್ ಕಂಪನಿಯಲ್ಲಿ ಕೆಲಸ ಮಾಡಿದವರು, ಲೆಕ್ಕಪುಸ್ತಕ ಓದಬಲ್ಲವರು. ಅವರ ವಾದದ ತಿರುಳು ಇಷ್ಟು. ಅದೇ ಕಾಲದ ಇಂಗ್ಲೆಂಡಿನ, ಅಮೆರಿಕದ ಉತ್ತರ ಭಾಗದ ಮಿಲ್ಲುಗಳಲ್ಲಿ ಕೆಲಸಗಾರರು ಬಂದರು, ಬಿಟ್ಟುಹೋದರು. ಗುಮಾಸ್ತನ ಅರ್ಧ ಹೊತ್ತು ಯಾರು ಬಂದರು ಯಾರು ಹೋದರು ಎಂದು ಬರೆಯುವುದರಲ್ಲೇ ಮುಗಿಯುತ್ತಿತ್ತು. ತೋಟದಲ್ಲಿ ಬಿಟ್ಟುಹೋಗುವ ಮಾತಿಲ್ಲ. ಅದೇ ಹೆಸರುಗಳು ವರ್ಷದಿಂದ ವರ್ಷಕ್ಕೆ. ಹಾಗಾಗಿ ಒಬ್ಬೊಬ್ಬರ ದುಡಿಮೆಯನ್ನು ಅಳೆಯುವುದು, ಹೋಲಿಸುವುದು, ಕೆಲಸ ಬದಲಿಸಿ ನೋಡುವುದು ಅಲ್ಲಿ ಸಾಧ್ಯವಾಯಿತು. ಅಂಕಿಅಂಶ ಅಚ್ಚುಕಟ್ಟಾಗಿದ್ದದ್ದು ಜನ ಕಟ್ಟಿಬಿದ್ದಿದ್ದರಿಂದ.

ಅಮೆರಿಕದ ಮಿಸಿಸಿಪ್ಪಿಯಲ್ಲಿ ನೆಲೆಸಿದ್ದ ಥಾಮಸ್ ಆಫ್ಲೆಕ್ ಎಂಬ ಸ್ಕಾಟ್‌ಲ್ಯಾಂಡಿನವನು ಇದನ್ನು ವ್ಯಾಪಾರವನ್ನಾಗಿಯೇ ಮಾಡಿದ. ಮೊದಲು ಬ್ಯಾಂಕಿನಲ್ಲಿ ಕೆಲಸ ಕಲಿತವನು. 1840ರ ದಶಕದ ಕೊನೆಯಿಂದ ಅವನು ಅಚ್ಚುಹಾಕಿಸಿದ ತೋಟದ ಲೆಕ್ಕಪುಸ್ತಕಗಳು ದಕ್ಷಿಣದ ರಾಜ್ಯಗಳಲ್ಲೆಲ್ಲ ಮಾರಾಟವಾದವು. ಹತ್ತಿಯ ತೋಟಕ್ಕೊಂದು ಬಗೆ, ಕಬ್ಬಿನ ತೋಟಕ್ಕೊಂದು ಬಗೆ, ಆಳುಗಳ ಸಂಖ್ಯೆಗೆ ತಕ್ಕ ಗಾತ್ರ. ಹೇಗೆ ತುಂಬಬೇಕೆಂಬ ಸೂಚನೆಯೂ ಜೊತೆಗೆ. ಅದರಲ್ಲಿ ಒಂದು ನಮೂನೆ: ಪ್ರತಿಯೊಬ್ಬ ಆಳಿನ ಬೆಲೆ ವರ್ಷದ ಮೊದಲಿಗೆ ಎಷ್ಟು, ವರ್ಷದ ಕೊನೆಗೆ ಎಷ್ಟು. ಅಂದಾಜಿಗೆ ಹೀಗೆ ಇಟ್ಟುಕೊಳ್ಳಿ. ಹನ್ನೆರಡು ವರ್ಷದ ಹುಡುಗನಿಗೆ ಜನವರಿಯಲ್ಲಿ 500 ಡಾಲರ್ ಹಾಕಿದ್ದರು, ಡಿಸೆಂಬರಿಗೆ ಮೈ ತುಂಬಿಕೊಂಡು 560 ಆದ. ಅವನ ಅಜ್ಜಿ 100 ಇದ್ದವಳು 60 ಆದಳು. ಮೊದಲಿನದು 60 ಲಾಭ, ಎರಡನೆಯದು 40 ಸವಕಳಿ, ಆ ಮನೆಯಿಂದ ಒಡೆಯನಿಗೆ ವರ್ಷದ ನಿವ್ವಳ 20. ಹುಡುಗ ಬೆಳೆದದ್ದಕ್ಕೆ ಬಂದ ಲಾಭ ಅದು, ಕಬ್ಬು ಕಡಿದದ್ದರ ಲೆಕ್ಕ ಬೇರೆ. ಸವಕಳಿಯನ್ನು ಹೀಗೆ ವರ್ಷ ವರ್ಷ ಕಟ್ಟುನಿಟ್ಟಾಗಿ ಹಾಕುವ ರೂಢಿ ಆಗಿನ ಎಷ್ಟೋ ಕಾರ್ಖಾನೆಗಳಲ್ಲಿ ಇನ್ನೂ ಬಂದಿರಲಿಲ್ಲ. ಮೂವತ್ತು ವರ್ಷ ಬೋರ್ಡಿನ ಮೇಲೆ ಲೇತ್ ಯಂತ್ರದ ಉದಾಹರಣೆ ಕೊಟ್ಟು ಸವಕಳಿ ಪಾಠ ಮಾಡಿದವನಿಗೆ ಇದು ತಿಳಿದಿರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ಮತ್ತೆ ಕೆರಿಬಿಯನ್ನಿಗೆ. ಕದ್ದು ಆಳು ತರುವುದನ್ನು ತಡೆಯಲೆಂದು ಸರ್ಕಾರವೇ ಗುಲಾಮರ ನೋಂದಣಿ ಶುರುಮಾಡಿತು. 1812ರಲ್ಲಿ ಟ್ರಿನಿಡಾಡ್, 1817ರಲ್ಲಿ ಜಮೈಕಾ, ಆಮೇಲೆ ಮೂರು ವರ್ಷಕ್ಕೊಮ್ಮೆ. ಒಡೆಯನ ಖಾಸಗಿ ಪಟ್ಟಿ ಈಗ ಸರ್ಕಾರಿ ದಾಖಲೆ. ಬಿಡುಗಡೆಯ ದಿನ ಬಂದಾಗ ಈ ದಾಖಲೆಯೇ ಕ್ಲೇಮಿನ ಆಧಾರವಾಯಿತು, ದುಡಿದವರಿಗಲ್ಲ, ಒಡೆಯರಿಗೆ. 1833ರ ಕಾಯಿದೆಯ ಪ್ರಕಾರ 1834ರ ಆಗಸ್ಟ್ 1ರಿಂದ ಗುಲಾಮಗಿರಿ ರದ್ದು, ಆದರೆ ‘ಅಪ್ರೆಂಟಿಸ್’ ಎಂಬ ಹೊಸ ಹೆಸರಿನಲ್ಲಿ ಬಿಟ್ಟಿ ದುಡಿಮೆ 1838ರವರೆಗೆ. ಒಡೆಯರಿಗೆ ಪರಿಹಾರ 2 ಕೋಟಿ ಪೌಂಡ್. ಸರ್ಕಾರದ ಆಗಿನ ಒಂದು ವರ್ಷದ ಖರ್ಚಿನಲ್ಲಿ ಸುಮಾರು ನೂರಕ್ಕೆ 40 ಪಾಲು. ಸುಮಾರು 8 ಲಕ್ಷ ಜನರನ್ನು ವರ್ಗ ಮಾಡಿದರು: ಮೇಸ್ತ್ರಿಗಳು, ಕಸುಬುದಾರರು, ಗದ್ದೆಯಾಳು, ಕೆಳದರ್ಜೆಯ ಗದ್ದೆಯಾಳು, ಆರು ವರ್ಷದೊಳಗಿನ ಮಕ್ಕಳು, ಕೈಲಾಗದ ಮುದುಕರು. ಆಯಾ ವಸಾಹತಿನಲ್ಲಿ 1822ರಿಂದ 1830ರವರೆಗೆ ನಡೆದ ಮಾರಾಟದ ಸರಾಸರಿ ಬೆಲೆ ತೆಗೆದು ಅದರ ಮೇಲೆ ದರ ಕಟ್ಟಿದರು. ಆ ಹಣಕ್ಕೆ ಎತ್ತಿದ ಸಾಲವನ್ನು ಆಮೇಲೆ ಬೇರೆ ಬಾಂಡುಗಳಲ್ಲಿ ಬೆರೆಸಿ ಮುಂದೂಡುತ್ತ ಬಂದರು. ಬ್ರಿಟಿಷ್ ಖಜಾನೆಯ ಪುಸ್ತಕದಲ್ಲಿ ಅದು ಚುಕ್ತಾ ಆದದ್ದು 2015ರಲ್ಲಿ.

ಪರಿಹಾರ ಪಡೆದವರಲ್ಲಿ ಲಿವರ್‌ಪೂಲಿನ ವರ್ತಕ ಜಾನ್ ಗ್ಲಾಡ್‌ಸ್ಟನ್ ಒಬ್ಬ. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ವಿಲಿಯಂ ಗ್ಲಾಡ್‌ಸ್ಟನ್ ಇವನ ಮಗ. ಜಮೈಕಾದಲ್ಲೂ ಈಗಿನ ಗಯಾನಾದಲ್ಲೂ ಇವನಿಗೆ ಎಸ್ಟೇಟುಗಳಿದ್ದವು. 1823ರಲ್ಲಿ ಡೆಮರಾರಾ ಸೀಮೆಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಆಳುಗಳು ಎದ್ದ ಬಂಡಾಯ ಶುರುವಾದದ್ದು ಇವನದೇ ‘ಸಕ್ಸೆಸ್’ ಎಸ್ಟೇಟಿನಲ್ಲಿ. ಅಲ್ಲಿನ ಮುಂದಾಳುಗಳಲ್ಲೊಬ್ಬನ ಹೆಸರು ಜ್ಯಾಕ್ ಗ್ಲಾಡ್‌ಸ್ಟನ್. ಒಡೆಯನ ಅಡ್ಡಹೆಸರೇ ಆಳಿಗೂ. ಪರಿಹಾರದ ದಾಖಲೆಯಲ್ಲಿ ಜಾನ್ ಗ್ಲಾಡ್‌ಸ್ಟನ್ ಹೆಸರಿಗೆ 2,508 ಆಳುಗಳ ಬಾಬ್ತು 1,06,769 ಪೌಂಡ್ ಇದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜು ಈ ದಾಖಲೆಗಳನ್ನೆಲ್ಲ ಆನ್‌ಲೈನಿನಲ್ಲಿ ಇಟ್ಟಿದೆ. ಯಾರು ಬೇಕಾದರೂ ಹೆಸರು ಹಾಕಿ ಹುಡುಕಬಹುದು.

ಆಸ್ತಿಯ ಕಡೆ ನಗದಾಯಿತು. ಇನ್ನು ಕಬ್ಬು ಕಡಿಯುವವರು ಯಾರು? ಗ್ಲಾಡ್‌ಸ್ಟನ್ 1836ರ ಜನವರಿಯಲ್ಲಿ ಕಲ್ಕತ್ತೆಯ ಗಿಲ್ಯಾಂಡರ್ಸ್ ಆರ್ಬತ್‌ನಾಟ್ ಕಂಪನಿಗೆ ಪತ್ರ ಬರೆದು ಆಳು ಕಳಿಸಲಾದೀತೇ ಎಂದು ವಿಚಾರಿಸಿದ. 1838ರ ಮೇ ತಿಂಗಳಲ್ಲಿ ‘ವಿಟ್ಬಿ’, ‘ಹೆಸ್ಪರಸ್’ ಎಂಬ ಎರಡು ಹಡಗುಗಳು ಭಾರತದ ಕೂಲಿಗಳನ್ನು ಗಯಾನಾಕ್ಕೆ ಇಳಿಸಿದವು. ಅಪ್ರೆಂಟಿಸ್ ಅವಧಿ ಮುಗಿಯಲು ಇನ್ನೂ ಮೂರು ತಿಂಗಳಿತ್ತು.

ಮಾರಿಷಸ್ಸಿನಲ್ಲಿ ಅದಕ್ಕೂ ಮೊದಲೇ ಶುರುವಾಗಿತ್ತು. 1834ರ ನವೆಂಬರ್ 2ರಂದು ‘ಅಟ್ಲಾಸ್’ ಹಡಗು 36 ಜನ ಭಾರತೀಯರನ್ನು ಪೋರ್ಟ್ ಲೂಯಿಯಲ್ಲಿ ಇಳಿಸಿತು. ಮುಂದೆ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳವರೆಗೆ ಬಂದವರು ನಾಲ್ಕೂವರೆ ಲಕ್ಷದಷ್ಟು. ಒಬ್ಬೊಬ್ಬರಿಗೂ ಒಂದು ನಂಬರು, ದಪ್ಪ ರಿಜಿಸ್ಟರಿನಲ್ಲಿ ಒಂದು ಸಾಲು: ಹೆಸರು, ತಂದೆಯ ಹೆಸರು, ಊರು, ಜಾತಿ, ಎತ್ತರ, ಮೈಮೇಲಿನ ಗುರುತು. ಆ ರಿಜಿಸ್ಟರುಗಳು ಅಲ್ಲಿನ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿವೆ, ಮರಿಮಕ್ಕಳು ಬಂದು ತಮ್ಮ ಮುತ್ತಜ್ಜನ ಸಾಲು ಹುಡುಕುತ್ತಾರೆ. ತಂದೆಯ ಹೆಸರಿಗೆ ಇಲ್ಲಿ ಜಾಗ ಸಿಕ್ಕಿತು. ಎಸ್ಟೇಟಿನ ಪುಸ್ತಕದಲ್ಲಿ ಆಳು ಆಸ್ತಿಯ ಕಡೆಯಿಂದ ಖರ್ಚಿನ ಕಡೆಗೆ ಬಂದ. ಕೂಲಿಯ ಕಾಲಂ ಕೊನೆಗೂ ತೆರೆಯಿತು: ತಿಂಗಳಿಗೆ 5 ರೂಪಾಯಿ. ಅದರ ಪಕ್ಕದಲ್ಲೇ ಕಡಿತದ ಕಾಲಂ. ಕಬ್ಬಿನ ತೋಟದವರು ಅದನ್ನು ‘ಡಬಲ್ ಕಟ್’ ಎನ್ನುತ್ತಿದ್ದರು. ಒಂದು ದಿನ ಬಾರದಿದ್ದರೆ ಎರಡು ದಿನದ ಕೂಲಿ ಕಟ್ಟು.